ಲಾರಿಯ ಕಮಾನು, ಮಣ್ಣಿನ ಹೂಜಿ

"ಗುರುಗಳೇ, ಈಗಿನ ಮಕ್ಕಳಿಗೆ ಗಟ್ಟಿತನವೇ ಇಲ್ಲ. ಒಂದು ಮಾತು ಗದರಿದರೆ ಸಾಕು, ತಂಬೂರಿ ಕೆಳಗಿಟ್ಟು ಮನೆಗೆ ಹೋಗುತ್ತಾರೆ. ನಿನ್ನೆ ಇನ್ನೊಬ್ಬಳು ಹೋದಳು. ನನ್ನ ಪಾಠದಲ್ಲಿ ಲೋಪವಿದೆಯೇ? ಕೇಳಿದವರೆಲ್ಲ ಹೊಗಳುತ್ತಾರೆ! ಗಟ್ಟಿ ಮಕ್ಕಳು ಎಲ್ಲಿ ಸಿಗುತ್ತಾರೆ, ಹೇಳಿ" ಎಂದು ಸಂಗೀತಶಾಲೆಯ ಹಿರಿಯ ಶಿಷ್ಯ ಸಿಟ್ಟಿನಿಂದ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೆಕ್ಯಾನಿಕ್ ಇದ್ದ. ಅವನ ಹೆಂಡತಿ ಹೂಜಿ ಮಾಡುವವಳು. ಅವಳ ಹೂಜಿಯ ನೀರು ಎಂದರೆ ಸುಡುಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನಬೇಕು. ಆ ಹೆಸರೇ ಅವಳ ಆಸ್ತಿ. ಹೂಜಿಗಳನ್ನು ಸಂತೆಗೆ ಒಯ್ಯಲೆಂದು ಗಂಡ ತಾನೇ ಒಂದು ಕಾರು ಕಟ್ಟಿದ. ಮೂತಿ ಯಾವುದೋ ಹಳೆಯ ಕಾರಿನದು, ಎಂಜಿನ್ ಇನ್ನಾವುದರದೋ. ಹಿಂಭಾಗಕ್ಕೆ ಮಾತ್ರ ಯಾರೂ ಮಾಡದ್ದನ್ನು ಮಾಡಿದ. ಗುಜರಿಗೆ ಬಿದ್ದ ಲಾರಿಯಿಂದ ಕಮಾನು ಬಿಚ್ಚಿ ತಂದ. ಕಮಾನು ಎಂದರೆ ಒಂದರ ಮೇಲೊಂದು ಬಿಗಿದ ಉಕ್ಕಿನ ಪಟ್ಟೆಗಳ ಕಟ್ಟು. ಅದನ್ನು ಅಡ್ಡಡ್ಡ ಕೂರಿಸಿ, ಎರಡು ತುದಿಗೂ ಒಂದೊಂದು ಚಕ್ರ ಸಿಕ್ಕಿಸಿದ. ಕಾರಿನ ಹಿಂಭಾಗ ಜಿಗಿಯಲು ನಿಂತ ಮಿಡತೆಯಂತೆ ಎದ್ದು ನಿಂತಿತು.

ಸ್ವಂತ ಕೈಯಿಂದ ಕಾರು ಕಟ್ಟುವವರು ಸೇರುವಲ್ಲಿಗೆ ಹೋದರೆ, ಜನ ಇಸ್ತ್ರಿ ಅಂಗಿಯಲ್ಲೇ ಮಣ್ಣಿಗೆ ಅಂಗಾತ ಬಿದ್ದು, ಕೆಳಗಿನಿಂದ ಆ ಕಮಾನು ನೋಡಿ ಶಭಾಷ್ ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಾತ್ರ ಯಾರೂ ಕೂತು ನೋಡಲಿಲ್ಲ.

ಅಲ್ಲಿ ಕೂರುತ್ತಿದ್ದವಳು ಹೆಂಡತಿ, ಹೂಜಿಗಳನ್ನು ಮಕ್ಕಳಂತೆ ಅವುಚಿಕೊಂಡು. ಲಾರಿಯ ಭಾರಕ್ಕೆ ಬಗ್ಗುವ ಕಮಾನು ಒಬ್ಬ ಹೆಂಗಸಿಗೆ, ಅವಳ ಮಣ್ಣಿಗೆ ಬಗ್ಗೀತೇ? ಸಣ್ಣ ಕಲ್ಲು ಸಿಕ್ಕರೂ ಕಾರು ಹಿಂಗಾಲು ಒದೆಯುತ್ತಿತ್ತು. ಹೂಜಿಗಳ ಕೊರಳು ಮುರಿಯುತ್ತಿತ್ತು.

"ನಿನ್ನ ಹೂಜಿ ಬಲು ಮೆತ್ತಗೆ. ಇನ್ನಷ್ಟು ಸುಡು" ಎಂದ ಗಂಡ, ತಿರುಗಿಯೂ ನೋಡದೆ.

"ಜಾಸ್ತಿ ಸುಟ್ಟರೆ ಬೆವರಲ್ಲ ಕಣ್ರೀ. ಬೆವರದಿದ್ದರೆ ನೀರು ತಣ್ಣಗಾಗಲ್ಲ."

"ಮೊದಲು ಒಡೆಯದೆ ಸಂತೆ ಸೇರಲಿ. ಬೆವರೋದು ಆಮೇಲೆ."

ಚೂರುಗಳನ್ನು ಕೊಳ್ಳುವವರಿಲ್ಲ. ಅವಳು ಮನಸ್ಸಿಲ್ಲದೆ ಹೂಜಿಯ ಮೈ ದಪ್ಪ ಮಾಡಿದಳು, ಹೂಜಿ ಸುಡುವ ಆವಿಗೆಯ ಉರಿ ಹೆಚ್ಚಿಸಿದಳು. ಹೂಜಿಗಳು ಕಲ್ಲಾದವು. ಒಂದೂ ಒಡೆಯಲಿಲ್ಲ. ಗಂಡ ಮೀಸೆ ತಿರುವಿದ. ಮುಂದಿನ ಸಂತೆಯಲ್ಲಿ ಒಬ್ಬ ಮುದುಕಿ ಕೊಂಡ ಹೂಜಿಯನ್ನು ತಂದು ಅವಳೆದುರು ಕುಕ್ಕಿದಳು. "ಏನಮ್ಮಾ ಇದು? ಹುಯ್ದ ನೀರು ಹುಯ್ದ ಹಾಗೇ ಬೆಚ್ಚಗಿರುತ್ತೆ! ಇದಕ್ಕಿಂತ ನಮ್ಮನೆ ಹಿತ್ತಾಳೆ ಬಿಂದಿಗೆ ವಾಸಿ. ನೀನೇ ಮಾಡಿದ್ದಾ, ಇಲ್ಲ ಯಾರದ್ದೋ ತಂದು ಮಾರ್ತಿದೀಯಾ?"

ಅವಳ ಮೈಯೆಲ್ಲ ಉರಿಯಿತು. ಯಾರೋ ಅಂಗಾತ ಮಲಗಿ ಶಭಾಷ್ ಎನ್ನಲೆಂದು, ತನ್ನ ಹೂಜಿಯ ಗುಣವನ್ನು ತಾನೇ ಕೈಯಾರೆ ಸುಟ್ಟಿದ್ದಳು. ಮನೆ ಸೇರಿದವಳೇ ನೇರ ಗಂಡನ ಬಳಿಗೆ ನಡೆದಳು.

"ಆ ಕಮಾನಿನಿಂದ ಅರ್ಧ ಪಟ್ಟೆ ಬಿಚ್ಚಿ."

"ಬಿಚ್ಚಿದರೆ ಹಿಂಭಾಗ ಕುಸಿಯುತ್ತೆ ಕಣೇ. ನೋಡಿದವರು ಏನಂದಾರು? ಕಮಾನಿನಲ್ಲಿ ಏನೂ ದೋಷವಿಲ್ಲ. ಲಾರಿ ಲೋಡು ಹೇರಿ ನೋಡು, ಬೆಣ್ಣೆ ಹಾಗೆ ಹೋಗುತ್ತೆ."

"ಹಾಗಾದರೆ ನಾನು ಲಾರಿ ಲೋಡಿನಷ್ಟು ದಪ್ಪಗಾಗಲಾ? ಬನ್ನಿ ಮಹಾರಾಯರೇ, ಹಿಂದೆ ಕೂತ್ಕೊಳ್ಳಿ!"

ಮನೆಯಲ್ಲಿ ಉಳಿದಿದ್ದ ಹಳೆಯ ಬಗೆಯ ಒಂದು ಹೂಜಿಯನ್ನು ಅವನ ಮಡಿಲಿಗಿಟ್ಟು ಅವಳೇ ಸ್ಟಿಯರಿಂಗ್ ಹಿಡಿದಳು. ಅವನು ಓಡಿಸುತ್ತಿದ್ದ ದಾರಿ, ಅವನು ಓಡಿಸುತ್ತಿದ್ದ ವೇಗ. ಕೆರೆ ಏರಿ ದಾಟುವ ಮೊದಲೇ ಅವನ ತಲೆ ಮೇಲಿನ ತಗಡಿಗೆ ಬಡಿಯಿತು. ಮಡಿಲಲ್ಲಿ ಉಳಿದದ್ದು ಚೂರು. ಒಂದು ಕೈಯಲ್ಲಿ ನೆತ್ತಿ, ಇನ್ನೊಂದರಲ್ಲಿ ಹೂಜಿಯ ಕೊರಳು ಹಿಡಿದು ಅವನು ಕೂಗಿದ: "ನಿನಗೆ ಓಡಿಸೋಕೆ ಬರಲ್ಲ!"

ಶಿಷ್ಯ ಗಹಗಹಿಸಿ ನಕ್ಕ. "ಎಂಥ ಭಂಡ, ಗುರುಗಳೇ! ಆಮೇಲಾದರೂ ಪಟ್ಟೆ ಬಿಚ್ಚಿದನೇ?"

"ಗಾಡಿ ನಿನ್ನದು, ನೀನೇ ಹೇಳಬೇಕು" ಎಂದರು ಗುರುಗಳು.