ಜಡೆಸ್ವಾಮಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದು

ನಾನು ಕೇಳಿದ್ದು ಹೇಗೋ ಹಾಗೇ ಹೇಳ್ತೀನಿ. ನಡುವೆ ತಡವರಿಸಿದ್ರೆ ನನ್ನ ನೋಡಿ ನಗಬೇಡಿ. ನಗೋದಕ್ಕೆ ಜಡೆಸ್ವಾಮಿ ಇದ್ದಾನೆ.

ಬೆಟ್ಟದ ಬುಡದಲ್ಲಿ ಕೀರೆಪಾಳ್ಯ ಅಂತ ಒಂದೂರು. ಅಲ್ಲಿ ಪುಟ್ಟಮಾದಮ್ಮ ಅಂತ ಒಬ್ಬ ಹೆಂಗಸು. ಗಂಡ ಸತ್ತಾಗ ಅವಳ ಪಾಲಿಗೆ ಉಳಿದಿದ್ದು ಎರಡೇ. ಒಂದು ಹಳೇ ಪಿಕಪ್ ಗಾಡಿ, ಇನ್ನೊಂದು ಮಗ ಜಡೆಸ್ವಾಮಿ. ಗಾಡಿ ತಳ್ಳಿದ್ರೆ ಸ್ಟಾರ್ಟ್ ಆಗ್ತಿತ್ತು. ಮಗ ತಳ್ಳಿದ್ರೂ ಆಗ್ತಿರಲಿಲ್ಲ.

ಹಾಗಂತ ಅವನು ಸೋಮಾರಿ ಅಲ್ಲ. ಮೂರಾಳಿನ ಕಸುವು. ಕೆಟ್ಟವನೂ ಅಲ್ಲ. ಅವ್ವ ಹೇಳಿದ ಮಾತು ಮೀರೋನಲ್ಲ. ಅದೇ ತೊಂದರೆ. ಏನು ಹೇಳಿದ್ಳೋ ಅದನ್ನೇ ಮಾಡ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿ ಇಲ್ಲ.

ಗಂಡ ಹೋದ್ಮೇಲೆ ಪುಟ್ಟಮಾದಮ್ಮನೇ ಸ್ಟೇರಿಂಗ್ ಹಿಡಿದ್ಳು. ಮಗನನ್ನ ಹಿಂದೆ ಕ್ಲೀನರ್ ಅಂತ ಕೂರಿಸ್ಕೊಂಡ್ಳು.

ಬೆಟ್ಟದ ಮೇಲೆ ಜೇನುಬರೆ ಅಂತ ಇನ್ನೊಂದೂರು. ಪುಟ್ಟಮಾದಮ್ಮನ ಅಕ್ಕ ದೊಡ್ಡತಾಯಮ್ಮನನ್ನ ಕೊಟ್ಟಿದ್ದು ಅಲ್ಲಿಗೆ. ಮೇಲೆ ಹಿಟ್ಟಿನ ಮಿಲ್ಲು ಇಲ್ಲ. ಹೆಂಗಸರು ರಾಗಿ ಹೊತ್ಕೊಂಡು ಬೆಟ್ಟ ಇಳೀಬೇಕು, ಬೀಸಿಸ್ಕೊಂಡು ಹಿಟ್ಟು ಹೊತ್ಕೊಂಡು ಹತ್ತಬೇಕು. ಒಂದಿನ ಪೂರ್ತಿ ಅದಕ್ಕೇ ಆಯ್ತು. ಆ ವರ್ಷ ದೊಡ್ಡತಾಯಮ್ಮ ಮೂಟೆ ಸಮೇತ ಬಿದ್ದು ಕೈ ಮುರ್ಕೊಂಡ್ಳು.

ಪುಟ್ಟಮಾದಮ್ಮ ಎಲ್ಲೋ ಮುಚ್ಚಿದ್ದ ಒಂದು ಮಿಲ್ಲನ್ನ ಬಿಚ್ಚಿಸಿ ತಂದು ಜಗಲಿ ಮೇಲಿಟ್ಟು, ಅಕ್ಕಂಗೆ ಮಾತು ಕೊಟ್ಳು. ಮಳೆ ಹಿಡಿಯೋದರೊಳಗೆ ಈ ಮಿಲ್ಲು ನಿನ್ನ ಬಾಗಿಲಲ್ಲಿ ತಿರುಗುತ್ತೆ ಅಂತ. ಮಳೆ ಹಿಡಿದ್ರೆ ಬೆಟ್ಟದ ಕೆಳಗಿನ ಕೀರೆಹಳ್ಳ ತುಂಬುತ್ತೆ. ತುಂಬಿದ್ರೆ ದೀಪಾವಳಿವರೆಗೆ ಗಾಡಿ ದಾಟಲ್ಲ.

ಮಿಲ್ಲು ಹೇರ್ಕೊಂಡು ಹೊರಟ್ರು. ಅರ್ಧ ಬೆಟ್ಟದಲ್ಲಿ ಕತ್ತೆಸುಸ್ತು ಅಂತ ಒಂದು ತಿರುವು. ಕಲ್ಲೋ ಕಲ್ಲು. ಅಲ್ಲಿ ಗಾಡಿ ಮುಂದಿನ ಎಡಗಡೆ ಚಕ್ರ ಲಟಕ್ ಅಂತ ಒಳಕ್ಕೆ ಮಡಚ್ಕೊಳ್ತು.

ಹೇಗೋ ಇಳಿಸಿ ಬಾಬಾಜಾನ್ ಮೇಸ್ತ್ರಿ ಗ್ಯಾರೇಜಿಗೆ ತಂದ್ರು. ಮೇಸ್ತ್ರಿ ಕೆಳಗೆ ತೂರಿ ನೋಡಿ ಹೊರಗೆ ಬಂದ್ರು.

"ಅಕ್ಕಾ, ಇದು ಟಾರು ರೋಡಿನ ಗಾಡಿ. ಮುಂದೆ ಒಂದೊಂದು ಚಕ್ರಕ್ಕೆ ಒಂದೊಂದು ಕೈ. ಪಾಲಾದ ಅಣ್ತಮ್ಮಂದಿರ ಥರ. ಒಬ್ಬ ಗುಂಡಿಗೆ ಬಿದ್ರೆ ಇನ್ನೊಬ್ಬ ತಿರುಗಿ ನೋಡಲ್ಲ. ಇದನ್ನೆಲ್ಲಾ ತೆಗೆದು ಹಳೇ ಜೀಪಿಂದು ಗಟ್ಟಿ ಆಕ್ಸಲ್ ಹಾಕೋಣ. ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಕಂಬ, ಅದರ ಮೇಲೆ ಸ್ಪ್ರಿಂಗ್ ಪ್ಲೇಟು. ನೊಗ ಕಟ್ಟಿದ ಜೋಡೆತ್ತಿನ ಹಾಗೆ. ಒಂದು ಎಡವಿದ್ರೆ ಇನ್ನೊಂದು ಎತ್ತುತ್ತೆ."

ಆಗ್ಲಿ ಮೇಸ್ತ್ರಿ, ಮಳೆ ಬರೋದರೊಳಗೆ ಆಗ್ಲಿ ಅಂದ್ಳು ಪುಟ್ಟಮಾದಮ್ಮ. ಕೈಯಾಳು ಬೇಕಲ್ಲ, ಮಗನನ್ನ ಅಲ್ಲೇ ಬಿಟ್ಳು. ಮೇಸ್ತ್ರಿ ಹೇಳಿದ ಹಾಗೆ ಕೇಳಪ್ಪ ಅಂತ ಹೇಳಿ ಹೋದ್ಳು. ಜಡೆಸ್ವಾಮಿ ತಲೆ ಆಡಿಸ್ದ.

ಅವತ್ತು ಶುಕ್ರವಾರ. ಮೇಸ್ತ್ರಿ ನಮಾಜಿಗೆ ಹೊರಟ್ರು. ಹೋಗ್ತಾ, ಗಾಡಿ ಮುಂದಿರೋದೆಲ್ಲಾ ಬಿಚ್ಚಿಡು, ಬರ್ತೀನಿ ಅಂದ್ರು.

ಬಂದು ನೋಡ್ತಾರೆ. ಬಂಪರ್ ಬಿಚ್ಚಿದಾನೆ. ಎರಡು ಲೈಟು, ಹಾರನ್ನು, ನಂಬರ್ ಪ್ಲೇಟು, ಬಾನೆಟ್ಟು ಬಿಚ್ಚಿದಾನೆ. ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿನೂ ಬಿಚ್ಚಿ ಸಾಲಾಗಿ ಇಟ್ಟಿದಾನೆ. ಚಕ್ರದ ಮುರಿದ ಕೈ ಮಾತ್ರ ಹಾಗೇ ಇದೆ. ಅದು ಕೆಳಗಿತ್ತು, ಮುಂದೆ ಇರಲಿಲ್ಲ. ಮೇಸ್ತ್ರಿ ತಿರುಗಿ ನೋಡಿದ್ರೆ ಗ್ಯಾರೇಜಿನ ಗೇಟೂ ಇಲ್ಲ. ಅದು ಗಾಡಿ ಮುಂದೇನೇ ಇತ್ತಲ್ಲ.

ಪುಟ್ಟಮಾದಮ್ಮನ್ನ ಕರೆಸಿದ್ರು. ಅವಳು ಹಣೆ ಚಚ್ಕೊಂಡ್ಳು. ಲೇ ಬೆಪ್ಪೆ, ಎಲ್ಲಾನೂ ಬಿಚ್ಚಬಾರ್ದು ಕಲಾ. ಮೇಸ್ತ್ರಿ ಯಾವುದಕ್ಕೆ ಬೆರಳು ತೋರಿಸ್ತಾರೋ ಅದನ್ನ ಮಾತ್ರ ಬಿಚ್ಚಬೇಕು ಅಂದ್ಳು.

ಜಡೆಸ್ವಾಮಿ ತಲೆ ಆಡಿಸ್ದ. ಅವ್ವನ ಮಾತು ಮೀರೋನಲ್ಲ.

ಎರಡು ದಿನ ಕೆಲಸ ಚೆನ್ನಾಗಿ ನಡೀತು. ಮೇಸ್ತ್ರಿ ಬೆರಳು ತೋರಿಸಿದ್ರು, ಇವನು ಬಿಚ್ಚಿದ. ಹಳೇ ಕೈ, ಹಳೇ ಸ್ಪ್ರಿಂಗು, ಎಲ್ಲಾ ಬಂತು. ಮೇಸ್ತ್ರಿಗೂ ಖುಷಿ ಆಯ್ತು. ಟೀ ಕುಡಿಯೋಣ ಅನ್ನಿಸ್ತು. ರಸ್ತೆ ಆಚೆ ಸುಂದ್ರಮ್ಮನ ಟೀ ಅಂಗಡಿ. ಮೇಸ್ತ್ರಿ ಆ ಕಡೆ ಬೆರಳು ತೋರಿಸಿ, ಹೋಗಿ ಎರಡು ಟೀ ತಗೊಂಬಾ ಅಂದ್ರು.

ಜಡೆಸ್ವಾಮಿ ಬೆರಳು ನೋಡ್ದ, ಅಂಗಡಿ ನೋಡ್ದ. ಸ್ಪಾನರ್ ತಗೊಂಡು ಹೋದ.

ಸುಂದ್ರಮ್ಮ ಟೀಗೆ ಸಕ್ಕರೆ ಹಾಕಿ ತಲೆ ಎತ್ತುತಾಳೆ, ಆಕಾಶ ಕಾಣ್ತಿದೆ. ತಗಡೆಲ್ಲಾ ಕೆಳಗಿದೆ. ಇವನು ಕಂಬದ ಬೋಲ್ಟಿಗೆ ಕೈ ಹಾಕಿದಾನೆ. ಸುಂದ್ರಮ್ಮ ಸಮಾಧಾನದ ಹೆಂಗಸು. ಸೌಟು ಹಿಡ್ಕೊಂಡೇ ಕೇಳಿದ್ಳಂತೆ, "ಯಾಕಪ್ಪ, ನಮ್ಮಂಗಡೀನೂ ಬೆಟ್ಟ ಹತ್ತಬೇಕಾ?" ಅಂತ.

ಮತ್ತೆ ಅವ್ವ ಬಂದ್ಳು. ಮತ್ತೆ ಹಣೆ ಚಚ್ಕೊಂಡ್ಳು. ಏನಾರೂ ತಗೊಂಬಾ ಅಂದ್ರೆ ಸ್ಪಾನರ್ ಮುಟ್ಟಬಾರ್ದು. ಕೊಟ್ಟಿದ್ದನ್ನ ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ, ಎದೆಗೆ ಆನಿಸ್ಕೊಂಡು, ಎಳೇ ಕೂಸು ತರೋ ಹಾಗೆ ತರಬೇಕು ಅಂದ್ಳು. ಜಡೆಸ್ವಾಮಿ ತಲೆ ಆಡಿಸ್ದ.

ಮಾರನೇ ದಿನ ಆಕ್ಸಲ್ ತರಬೇಕಾಗಿತ್ತು. ಪೇಟೆ ಗುಜರಿ ಅಂಗಡೀಲಿ ಮೇಸ್ತ್ರಿ ಹೇಳಿಟ್ಟಿದ್ರು. ಲಗೇಜ್ ಆಟೋದವನಿಗೂ ಹೇಳಿದ್ರು. ಹೋಗಿ ತಗೊಂಬಾ ಅಂತ ಇವನನ್ನ ಕಳಿಸಿದ್ರು.

ಆಟೋದವನು ಕಾದ, ಕಾದ, ಬೀಡಿ ಸೇದಿ ಹೋದ. ಜಡೆಸ್ವಾಮಿ ಬಸ್ಸು ಹತ್ತಿದ್ದ. ಉಟ್ಟಿದ್ದ ಪಂಚೆ ಬಿಚ್ಚಿ ಆಕ್ಸಲ್‌ಗೆ ಸುತ್ತಿದ್ದ. ಚಡ್ಡೀಲಿ ಕೂತು, ಒಂದಾಳುದ್ದದ ಕಬ್ಬಿಣಾನ ತೊಡೆ ಮೇಲೆ ಮಲಗಿಸ್ಕೊಂಡು ತಟ್ತಾ ಇದ್ದ. ಒಂದು ತುದಿ ಕಿಟಕಿ ಆಚೆ, ಇನ್ನೊಂದು ತುದಿ ಪಕ್ಕದ ಸೀಟಿನ ಅಜ್ಜಿ ಮಡಿಲಲ್ಲಿ.

ಕಂಡಕ್ಟರ್ ಬಂದ, ಏನಯ್ಯಾ ಅದು ಅಂದ. ಎಳೇ ಕೂಸು ತರೋ ಹಾಗೆ ತರ್ತಿದೀನಿ ಅಂದ ಇವನು.

"ಎಷ್ಟು ವರ್ಷ ಕೂಸಿಗೆ?"

"ಮೂವತ್ತು ವರ್ಷದ್ದು ಅಂತ ಮೇಸ್ತ್ರಿ ಹೇಳಿದ್ರು."

"ಹಂಗಾದ್ರೆ ಫುಲ್ ಟಿಕೆಟ್."

ಬಸ್ಸಿಂದ ಇಳಿದಾಗ ಸೊಂಟ ಬಿದ್ದುಹೋಗಿತ್ತು. ಎರಡು ದಿನ ಮಲಗ್ದ. ಆ ಎರಡು ದಿನ ಮೇಸ್ತ್ರಿ ಒಬ್ಬರೇ. ಆಗ್ಲೇ ಬೆಟ್ಟದ ಮೇಲೆ ಮೋಡ ಬಂದು ಬಂದು ಹೋಗ್ತಿತ್ತು. ಪುಟ್ಟಮಾದಮ್ಮ ಮಗನ ಸೊಂಟಕ್ಕೆ ಎಣ್ಣೆ ತಿಕ್ಕೋದು, ಮೋಡ ನೋಡೋದು. ತಿಕ್ತಾ ತಿಕ್ತಾನೇ ಬುದ್ಧಿ ಹೇಳಿದ್ಳು. ಕಬ್ಬಿಣ ಕೂಸಲ್ಲ ಕಲಾ. ಭಾರದ್ದು ಏನೇ ಇದ್ರೂ ಹೊರಬಾರ್ದು, ಉರುಳಿಸಬೇಕು.

ಮಲಗಿದ್ದಲ್ಲೇ ತಲೆ ಆಡಿಸ್ದ.

ಮೇಸ್ತ್ರಿ ಆಕ್ಸಲ್ ಕೂರಿಸಿದ್ರು, ಪ್ಲೇಟು ಕಟ್ಟಿದ್ರು, ಸ್ಟೇರಿಂಗ್ ರಾಡು ಹೊಂದಿಸಿದ್ರು. ಗಾಡಿ ಒಂದು ಗೇಣು ಎತ್ತರ ಆಯ್ತು. ಒಂದು ಚಕ್ರಾನ ದೊಡ್ಡ ಕಲ್ಲಿನ ಮೇಲೆ ಹತ್ತಿಸಿ ನೋಡಿದ್ರು. ಇನ್ನೊಂದು ಚಕ್ರ ನೆಲ ಬಿಡಲಿಲ್ಲ. ಬಿಗಿಯಾಗಿ ಊರ್ಕೊಂಡು ನಿಂತಿತ್ತು. ಮೇಸ್ತ್ರಿ ಕೈ ಒರೆಸ್ಕೊಂಡ್ರು.

ಮಾರನೇ ಬೆಳಗ್ಗೆ ಮತ್ತೆ ಮಿಲ್ಲು ಹೇರಿದ್ರು. ಡೀಸೆಲ್ ಎಂಜಿನ್ನು, ಬೆಲ್ಟು, ಬೀಸೋ ಕಲ್ಲು ಎರಡು, ಒಂದೊಂದೂ ಗಾಡಿ ಚಕ್ರದಷ್ಟು. ಜೋಡಿಸಿ ಕೊಡೋದಕ್ಕೆ ಅಂತ ಮೇಸ್ತ್ರಿನೂ ಮುಂದೆ ಕೂತ್ರು. ಜಡೆಸ್ವಾಮಿ ಹಿಂದೆ. ಬೆಟ್ಟದ ಗಾಡೀಲಿ ಕ್ಲೀನರ್‌ಗೆ ಇರೋದು ಒಂದೇ ಕೆಲಸ. ಏರಲ್ಲಿ ಗಾಡಿ ನಿಂತ್ರೆ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡೋದು. ಕಲ್ಲು ಕೊಡದಿದ್ರೆ ಗಾಡಿ ಹಿಂದಕ್ಕೆ ಜಾರುತ್ತೆ.

ಒಣಗಿದ್ದ ಕೀರೆಹಳ್ಳ ದಾಟಿದ್ರು. ಕಲ್ಲು ಬಂತು, ಗುಂಡಿ ಬಂತು, ಗಾಡಿ ಎಮ್ಮೆ ಹಾಗೆ ಹತ್ತಿತು. ಕತ್ತೆಸುಸ್ತು ತಿರುವಲ್ಲಿ ಮಾತ್ರ ಗೇರು ಬೀಳಲಿಲ್ಲ. ಗಾಡಿ ನಿಂತಿತು. "ಕಲ್ಲು ಕೊಡ್ಲಾ!" ಅಂತ ಕೂಗಿದ್ಳು ಅವ್ವ.

ಜಡೆಸ್ವಾಮಿ ಹಾರಿದ. ಕಲ್ಲು ಭಾರ ಇತ್ತು. ಭಾರದ್ದನ್ನ ಹೊರಬಾರ್ದು, ಉರುಳಿಸಬೇಕು. ಉರುಳಲಿ ಅಂತಾನೇ ಗುಂಡಗಿರೋ ಕಲ್ಲು ಆರಿಸಿ ತಂದಿದ್ದ. ಉರುಳಿಸ್ದ. ಅದು ಚಕ್ರದ ಪಕ್ಕದಲ್ಲೇ ಹಾದು ಬೆಟ್ಟದ ಕೆಳಕ್ಕೆ ಹೋಯ್ತು. ಹಿಂದೇನೇ ಗಾಡಿನೂ ಹೊರಡ್ತು. ಎರಡು ಮಾರು ಜಾರಿ, ಒಂದು ಮರದ ಬೇರಿಗೆ ಆತ್ಕೊಂಡು ನಿಂತಿತು.

ಪುಟ್ಟಮಾದಮ್ಮ ಇಳಿದು ಬಂದ್ಳು. ಅವಳೇ ಹುಡುಕಿ ಒಂದು ಮುಕ್ಕೋನೆ ಚಪ್ಪಟೆ ಕಲ್ಲು ತಂದು ಅವನ ಕೈಗಿಟ್ಳು.

"ಕೇಳ್ಸ್ಕೋ. ಇದು ನಿನ್ನ ಕಲ್ಲು. ಇದನ್ನ ಕೈ ಬಿಡಬೇಡ. ಓಡೋ ಚಕ್ರಕ್ಕೆ ಕೊಡಬೇಡ, ಕೈ ಹೋಯ್ತದೆ. ಚಕ್ರ ನಿಂತ ಮೇಲೆ ಹಿಂದಕ್ಕೆ ಒತ್ತಿ ಕೊಡು. ನಾನು ತೆಗಿ ಅನ್ನೋಗಂಟ ತೆಗೀಬೇಡ."

ಜಡೆಸ್ವಾಮಿ ತಲೆ ಆಡಿಸ್ದ.

ಮಧ್ಯಾಹ್ನಕ್ಕೆ ಜೇನುಬರೆ ಸೇರಿದ್ರು. ಹೆಂಗಸರೆಲ್ಲಾ ರಾಗಿ ಮೊರ ಹಿಡ್ಕೊಂಡು ಸಾಲಾಗಿ ಕೂತಿದ್ರು. ದೊಡ್ಡತಾಯಮ್ಮ ಕಟ್ಟಿದ ಕೈ ಕೊರಳಿಗೆ ನೇತಾಕ್ಕೊಂಡು ಎಲ್ಲರಿಗಿಂತ ಮುಂದೆ. ಎಂಜಿನ್ ಇಳಿಸಿದ್ರು, ಒಂದು ಕಲ್ಲು ಇಳಿಸಿ ಕೂರಿಸಿದ್ರು. ಮೇಸ್ತ್ರಿ ಮಿಲ್ಲಿಗೆ ಅಂತ ಹಾಕಿದ್ದ ಗುಡಿಸಲೊಳಗಿಂದ, ಜಡೆಸ್ವಾಮಿ, ಇನ್ನೊಂದು ಕಲ್ಲೂ ಉರುಳಿಸಪ್ಪ ಅಂದ್ರು.

ಯಾವ ಕಡೆಗೆ ಅಂತ ಹೇಳಲಿಲ್ಲ.

ಗುಡಿಸಲು ಏರಲ್ಲಿತ್ತು. ಇಳಿಜಾರಿನ ಕಡೆ ಕಲ್ಲು ಸಲೀಸಾಗಿ ಉರುಳ್ತು. ಬಹಳ ಸಲೀಸಾಗಿ ಉರುಳ್ತು. ಹೆಂಗಸರೆಲ್ಲಾ ಎದ್ದು ನಿಂತ್ರು. ಬೀಸೋ ಕಲ್ಲು ಬಂದ ದಾರೀಲೇ ಹೊರಟಿತು, ಅದರ ಪಕ್ಕದಲ್ಲೇ ಜಡೆಸ್ವಾಮಿ ಓಡ್ತಿದ್ದಾನೆ, ಕೈಯಲ್ಲಿ ಮುಕ್ಕೋನೆ ಕಲ್ಲು ಹಿಡ್ಕೊಂಡು. ಅಡ್ಡ ಕೊಡ್ಲಾ ಅಂತ ಮೇಲಿಂದ ಅವ್ವ ಕೂಗ್ತಿದ್ದಾಳೆ. ಅವನಿಗೆ ಕೇಳಿಸಲಿಲ್ಲವೋ ಏನೋ. ಕೇಳಿಸಿದ್ರೂ ಕೊಡ್ತಿರಲಿಲ್ಲ. ಚಕ್ರ ಇನ್ನೂ ಓಡ್ತಿತ್ತಲ್ಲ.

ಕತ್ತೆಸುಸ್ತಲ್ಲಿ ಒಂದು ಸಲ ಹಾರಿತು, ಆಮೇಲೆ ಪೊದೆ ಸೀಳ್ಕೊಂಡು ಇಳೀತು. ಕೊನೆಗೆ ಕೀರೆಹಳ್ಳದ ಮರಳಲ್ಲಿ ಹೂತ್ಕೊಂಡು ನಿಂತಿತು. ಜಡೆಸ್ವಾಮಿ ಏದುಸಿರು ಬಿಡ್ತಾ ಬಂದು, ನಿಂತಿದೆ ಅಂತ ಎರಡು ಸಲ ನೋಡಿ, ಹಿಂದಕ್ಕೆ ಒತ್ತಿ ಕಲ್ಲು ಕೊಟ್ಟ. ಪಕ್ಕದಲ್ಲಿ ನಿಂತ.

ಅವ್ವ ಗಾಡಿ ತಗೊಂಡು ಇಳಿದು ಬಂದ್ಳು. ಯಾಕ್ಲಾ ತಡೀಲಿಲ್ಲ ಅಂದ್ಳು. ನಿಲ್ಲಲಿ ಅಂತ ಕಾಯ್ತಿದ್ದೆ ಅಂದ ಅವನು. ಅವಳು ಬೀಸೋ ಕಲ್ಲು ಸುತ್ತ ತಡವಿ ನೋಡಿದ್ಳು. ಅಂಚಲ್ಲಿ ಒಂದು ಚೂರು ಹೋಗಿತ್ತು, ಅಷ್ಟೇ. ಮುಕ್ಕೋನೆ ಕಲ್ಲು ತೆಗಿ ಅಂದ್ಳು, ತೆಗೆದ. ಗಾಡಿಗೆ ಹೇರು ಅಂದ್ಳು, ಒಬ್ಬನೇ ಹೇರಿದ. ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. ಅವಳಿಗೆ ಅವನ ಮುಖ ನೋಡೋ ಶಕ್ತಿನೂ ಇರಲಿಲ್ಲ. ಸ್ಟೇರಿಂಗ್ ಹಿಡಿದು, ಮುಂದಕ್ಕೇ ನೋಡ್ತಾ, "ಇನ್ನ ನೀನು ಏನೂ ಮಾಡಬೇಡ ಕನಪ್ಪ. ಸುಮ್ನೆ ಕೂತ್ಕೋ. ಅಲ್ಲಾಡಬೇಡ" ಅಂದ್ಳು.

ಗಾಡಿ ಹೊರಡ್ತು. ಆ ಸಲ ಕತ್ತೆಸುಸ್ತಲ್ಲೂ ನಿಲ್ಲಲಿಲ್ಲ. ಎಡ ಚಕ್ರ ಕಲ್ಲು ಹತ್ತಿದ್ರೆ ಬಲ ಚಕ್ರ ನೆಲ ಕಚ್ಕೊಂಡಿತ್ತು, ಬಲ ಹತ್ತಿದ್ರೆ ಎಡ ಕಚ್ಕೊಂಡಿತ್ತು. ಕಲ್ಲು ಕೊಡು ಅನ್ನೋ ಪ್ರಮೇಯಾನೇ ಬರಲಿಲ್ಲ. ಹಾಗಾಗಿ ಅವಳು ಹಿಂದೆ ತಿರುಗಿ ನೋಡಲೂ ಇಲ್ಲ.

ಮೇಸ್ತ್ರಿ ಕಲ್ಲು ಕೂರಿಸಿ ಎಂಜಿನ್ ತಿರುಗಿಸಿದ್ರು. ಬೆಲ್ಟು ಓಡ್ತು, ಹಿಟ್ಟು ಬಿತ್ತು. ದೊಡ್ಡತಾಯಮ್ಮ ಬೆರಳಲ್ಲಿ ಉಜ್ಜಿ, ಮೂಸಿ, ನುಣ್ಣಗಿದೆ ಕನೆ ತಂಗಿ ಅಂದ್ಳು. ಹೊರಗೆ ಮಳೆ ಶುರುವಾಗಿತ್ತು. ಆಗ್ಲಿ ಬಿಡು ಅಂದ್ಳು ಪುಟ್ಟಮಾದಮ್ಮ, ಮಾತು ಉಳೀತು. ಮೊದಲನೇ ಹಿಟ್ಟಿನ ಮುದ್ದೆ ಕಟ್ಟಿ ದೊಡ್ಡತಾಯಮ್ಮ ತಟ್ಟೆಗಿಟ್ಳು. ಕಲ್ಲು ಹೊತ್ತ ಮಗ ಮೊದಲು ಉಣ್ಲಿ, ಎಲ್ಲಿ ನಿನ್ನ ಮಗ ಅಂದ್ಳು.

ಪುಟ್ಟಮಾದಮ್ಮ ಗಾಡಿ ಹಿಂದೆ ಹೋಗಿ ನೋಡಿದ್ಳು. ಸ್ಟೆಪ್ನಿ ಇತ್ತು. ಹಗ್ಗ ಇತ್ತು.

ಮಳೇಲೇ ಗಾಡಿ ಇಳಿಸಿದ್ಳು. ಮಾದಪ್ಪ ಮಾದಪ್ಪ ಅಂತ ಬೆಟ್ಟದ ದೇವರನ್ನ ಕೂಗ್ತಾನೇ ಇಳಿದ್ಳು. ಕೀರೆಹಳ್ಳಕ್ಕೆ ಹೊಸ ನೀರು ಬಂದಿತ್ತು, ಕೆಂಪಗೆ. ಬೀಸೋ ಕಲ್ಲು ನಿಂತಿದ್ದ ಜಾಗದಲ್ಲೇ, ಎದೆಮಟ್ಟದ ನೀರಲ್ಲಿ, ಜಡೆಸ್ವಾಮಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ದ.

"ಯಾಕ್ಲಾ ಮೊಗ ಇಲ್ಲಿ ಕೂತಿದ್ದೀಯ?"

"ಕೂತ್ಕೋ ಅಂದ್ಯಲ್ಲವ್ವ."

"ನೀರು ಬಂದ್ರೆ ಏಳ್ಬಾರ್ದಾ?"

"ಅಲ್ಲಾಡಬೇಡ ಅಂದಿದ್ದೆ."

ಪುಟ್ಟಮಾದಮ್ಮ ನೀರಿಗಿಳಿದು ಅವನ ರಟ್ಟೆ ಹಿಡಿದ್ಳು. ಬುದ್ಧಿ ಹೇಳೋಣ ಅಂತ ಬಾಯಿ ತೆಗೆದ್ಳು. ಹೇಳಿದ್ರೆ ಅದನ್ನೂ ಮಾಡ್ತಾನೆ ಅಂತ ನೆನಪಾಗಿ ಮುಚ್ಕೊಂಡ್ಳು. ಸುಮ್ನೆ ಎಳೆದ್ಳು. ಅವನು ಬರಲಿಲ್ಲ.

"ತಡಿಯವ್ವ," ಅಂದ ಜಡೆಸ್ವಾಮಿ. "ನೀರು ತಳ್ತಾ ಇತ್ತು. ಜಾರಬಾರ್ದು ಅಂತ ನನ್ನ ಹಿಂದಕ್ಕೆ ಕಲ್ಲು ಕೊಟ್ಕೊಂಡಿದ್ದೀನಿ. ತೆಗೀಲಾ?"