ಹತ್ತನೆಯ ಜಾಗ

"ಯುದ್ಧ ಗೆದ್ದ ದೊರೆ ವೀರಮಲ್ಲರ ದಂಡಿನ ಕುರಿತು ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ."

ಹೀಗೆ ಡಂಗುರ ಸಾರಿದಾಗ ಕೆಂಚಯ್ಯ ಇಟ್ಟಿಗೆ ಜೋಡಿಸುತ್ತಿದ್ದ. ಅವನ ಅಣ್ಣ ಬೈರ ಅದೇ ದಂಡಿನಲ್ಲಿ ಹೋಗಿದ್ದ. ಹತ್ತು ಹತ್ತು ಜನರ ಸಾಲು, ಒಂದು ಜಾಗವೂ ಖಾಲಿಯಿಲ್ಲದೆ ಹೊರಟದ್ದನ್ನು ಊರೆಲ್ಲ ನೋಡಿತ್ತು. ದಂಡು ಬಂತು, ಬೈರ ಬರಲಿಲ್ಲ. ವಿಚಾರಿಸಲು ಹೋದರೆ ಸೇನಾಪತಿ, ಅಂಥವನು ದಂಡಿನಲ್ಲಿ ಇರಲೇ ಇಲ್ಲ ಎಂದು ಗದರಿ ಅಟ್ಟಿದ್ದ. ಅವ್ವ ಮಾತ್ರ ದಿನವೂ ಬೈರನ ಪಾಲಿನ ಮುದ್ದೆ ಎತ್ತಿಡುತ್ತಿದ್ದಳು. ದೊರೆಯ ಮುಂದೆ ನಿಲ್ಲಲು ಬೇರೆ ದಾರಿಯಿರಲಿಲ್ಲ. ಕೆಂಚಯ್ಯ ಕೈಗೆ ಮೆತ್ತಿದ ಮಣ್ಣು ತೊಳೆದು ಅರಮನೆಗೆ ನಡೆದ.

ದೊರೆ ಮೊದಲ ಒಗಟು ಹೇಳಿದ. "ದಂಡನ್ನು ಇಬ್ಬಿಬ್ಬರಾಗಿ ನಿಲ್ಲಿಸಿದರೆ ಒಬ್ಬ ಮಿಗುತ್ತಾನೆ. ಮೂವರಂತೆ ನಿಲ್ಲಿಸಿದರೆ ಇಬ್ಬರು, ನಾಲ್ವರಂತೆ ನಿಲ್ಲಿಸಿದರೆ ಮೂವರು. ಹೀಗೇ ಹೋಗಿ, ಹತ್ತರಂತೆ ನಿಲ್ಲಿಸಿದರೆ ಒಂಬತ್ತು ಮಂದಿ ಮಿಗುತ್ತಾರೆ. ಹೀಗೆ ಮಿಗುವ ಅತಿ ಚಿಕ್ಕ ಸಂಖ್ಯೆಯೇ ನನ್ನ ದಂಡು. ಅದು ಎಷ್ಟು?"

ನೆರೆನಾಡಿನ ರಾಜಕುಮಾರ ಮೀಸೆ ತೀಡುತ್ತ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಎಂದ. ಒಂಬತ್ತರ ಸಾಲಿನಲ್ಲಿ ಅದು ಒಬ್ಬನೂ ಮಿಗದೆ ಸರಿಹೋಯಿತು. ಅವನ ಕೈಗೆ ಕೋಳ ಬಿತ್ತು. ಆಸ್ಥಾನದ ಪಂಡಿತರು ಎರಡರಿಂದ ಹತ್ತರವರೆಗೆ ಎಲ್ಲವನ್ನೂ ಗುಣಿಸಿ, ಒಂದು ಕಳೆದು, ಮೂವತ್ತಾರು ಲಕ್ಷ ದಾಟಿದ ಉತ್ತರ ಕೊಟ್ಟರು. ಅಷ್ಟು ಜನ ರಾಜ್ಯದಲ್ಲೇ ಇಲ್ಲ, ಇದಕ್ಕಿಂತ ಚಿಕ್ಕದಿದೆ ಎಂದು ದೊರೆ ಅವರಿಗೂ ಕೋಳ ಹಾಕಿಸಿದ. ಪಾಂಡಿತ್ಯ ಹೆಚ್ಚಾದರೂ ಕಷ್ಟವೇ.

ಈಗ ಕೆಂಚಯ್ಯನ ಸರದಿ. ಇಟ್ಟಿಗೆಯವರು ಮಿಕ್ಕದ್ದನ್ನು ಎಣಿಸುವುದಿಲ್ಲ, ಸಾಲಿಗೆ ಎಷ್ಟು ಕಮ್ಮಿ ಎಂದು ನೋಡುತ್ತಾರೆ. ಅವನು ಹಾಗೆಯೇ ನೋಡಿದ. ಎಲ್ಲ ಸಾಲಿಗೂ ಕಮ್ಮಿ ಇದ್ದದ್ದು ಒಂದೇ.

"ಎಂಟರೊಳಗೇ ಎರಡು, ನಾಕು ಅವೆ ಬುದ್ಧಿ. ಒಂಬತ್ತರೊಳಗೆ ಮೂರು. ಅವೆರಡನ್ನೂ ಗುಣಿಸಿ ಐದು, ಏಳು ಸೇರಿಸಿ ಗುಣಿಸಿದ್ರೆ ಆರೂ ಹತ್ತೂ ತಾವೇ ಬತ್ತವೆ. ಎರಡು ಸಾವಿರದ ಐನೂರ ಇಪ್ಪತ್ತು. ಅದ್ರಲ್ಲಿ ಒಂದು ಕಮ್ಮಿ, ಎರಡು ಸಾವಿರದ ಐನೂರ ಹತ್ತೊಂಬತ್ತು."

ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ. ಹತ್ತರ ತನಕ ಯಾವ ಸಾಲಿಗೂ ಹೊಂದದ ಈ ದಂಡು, ಯಾರೂ ಮಿಗದಂತೆ ಮೊದಲು ಹೊಂದುವುದು ಎಷ್ಟರ ಸಾಲಿಗೆ? ಕೆಂಚಯ್ಯ ಮನಸ್ಸಿನಲ್ಲೇ ಇಟ್ಟಿಗೆ ಜೋಡಿಸಿದ. ಹನ್ನೊಂದರಂತೆ ಇನ್ನೂರು ಸಾಲಿಗೆ ಎರಡು ಸಾವಿರದ ಇನ್ನೂರು, ಇಪ್ಪತ್ತೊಂಬತ್ತು ಸಾಲಿಗೆ ಮುನ್ನೂರ ಹತ್ತೊಂಬತ್ತು. ಹನ್ನೊಂದು ಎಂದ. ಅದೂ ಸರಿಯಾಗಿತ್ತು.

"ಇನ್ನು ಕಡೆಯದು. ಒಬ್ಬನೂ ಸಾಯದೆ ಗೆದ್ದೆವು ಎಂದು ಸೇನಾಪತಿ ಹೇಳುತ್ತಾನೆ. ಹಾಗಿದ್ದರೆ ನನ್ನ ಸಾಲುಗಳು ಯಾಕೆ ತುಂಬುವುದಿಲ್ಲ?"

ದೊರೆಯ ಪಕ್ಕದಲ್ಲಿದ್ದ ಸೇನಾಪತಿಯ ಕೈ ಕತ್ತಿಯ ಹಿಡಿಗೆ ಹೋಯಿತು. ಅವನನ್ನು ಸುಳ್ಳುಗಾರ ಎಂದು ಕರೆದು ಬದುಕಿದವರು ಯಾರೂ ಇರಲಿಲ್ಲ. ಕೆಂಚಯ್ಯನಿಗೂ ಅದು ಗೊತ್ತಿತ್ತು. ಆದರೆ ಅವ್ವ ಎತ್ತಿಟ್ಟ ಮುದ್ದೆ ನೆನಪಾಯಿತು.

"ಹೋಗುವಾಗ ತುಂಬಿದ್ವು ಬುದ್ಧಿ, ಊರೋರೆಲ್ಲ ನೋಡವ್ರೆ. ಬರುವಾಗ ಒಬ್ಬ ಕಮ್ಮಿ. ಆ ಒಬ್ಬ ನಮ್ಮಣ್ಣ ಬೈರ."

ದೊರೆ ಸೇನಾಪತಿಯತ್ತ ತಿರುಗಿದ. ಅವನು ತಲೆ ತಗ್ಗಿಸಿ ನಿಜ ಒಪ್ಪಿಕೊಂಡ. ಬೈರ ಹೊಳೆಯಾಚೆ ಸತ್ತಿದ್ದ. ಒಂದೂ ಸಾವಿಲ್ಲದ ಗೆಲುವೆಂಬ ಕೀರ್ತಿಗಾಗಿ ಸೇನಾಪತಿ ಅವನ ಹೆಸರನ್ನೇ ಅಳಿಸಿಹಾಕಿದ್ದ. ದೊರೆ ಅವನ ಕತ್ತಿಯನ್ನು ಕಿತ್ತುಕೊಂಡು, ಏನು ಬೇಕೋ ಕೇಳು ಎಂದು ಕೆಂಚಯ್ಯನಿಗೆ ಹೇಳಿದ.

ಕೆಂಚಯ್ಯ ಕೋಳ ಬಿದ್ದವರ ತಲೆ ಉಳಿಸುವಂತೆ ಕೇಳಿದ. ಆಮೇಲೆ ದಂಡಿನ ಕೊನೆಯ ಸಾಲಿನಲ್ಲಿ ಅಣ್ಣನ ಹೆಸರಿಗೆ ಒಂದು ಜಾಗ ಕೇಳಿದ. ದೊರೆ ಎರಡನ್ನೂ ಕೊಟ್ಟು, ಮೇಲೆ ಹತ್ತು ಖಂಡುಗ ಗದ್ದೆಯನ್ನೂ ಕೊಟ್ಟ.

ಮರುದಿನ ದಂಡು ಹತ್ತು ಹತ್ತಾಗಿ ನಿಂತಿತು. ಕೊನೆಯ ಸಾಲಿನ ಹತ್ತನೆಯ ಜಾಗ ಖಾಲಿಯಿತ್ತು. ದೊರೆ ಸ್ವತಃ ಬೈರನ ಹೆಸರು ಕೂಗಿದ. ಅವ್ವ ಅದನ್ನು ಕಿವಿಯಾರೆ ಕೇಳಿ, ಮನೆಗೆ ಬಂದು ಅತ್ತಳು. ಆ ದಿನದಿಂದ ಅವಳು ಮುದ್ದೆ ಎತ್ತಿಡಲಿಲ್ಲ.