ಸೋಲಲು ಅಭ್ಯಾಸ ಮಾಡಿದ ತಂಡ

“ಗುರುಗಳೇ, ಈ ವರ್ಷ ನಮ್ಮ ಶಾಲೆಯನ್ನು ಬೇಕೆಂದೇ ಸ್ವಲ್ಪ ಹಿಂದೆ ಬೀಳಿಸಿದರೆ ತಪ್ಪೇ?” ಎಂದು ಮಠದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಯ್ಯ ಕೇಳಿದ. “ಫಲಿತಾಂಶ ತೀರಾ ಕೆಟ್ಟಿರುವ ಶಾಲೆಗೆ ದಾನಿಗಳು ಹೊಸ ಕಟ್ಟಡ ಕಟ್ಟಿಸಿ, ಒಳ್ಳೆಯ ಮೇಷ್ಟ್ರನ್ನೂ ಕೊಡುತ್ತಾರಂತೆ. ನಮ್ಮದು ಅತ್ತ ಒಳ್ಳೆಯದೂ ಅಲ್ಲ, ಇತ್ತ ಕೆಟ್ಟದ್ದೂ ಅಲ್ಲ. ಒಂದು ವರ್ಷ ಪಾಠ ಸಡಿಲ ಬಿಟ್ಟರೆ ಮುಂದೆ ಮಕ್ಕಳಿಗೇ ಅನುಕೂಲ.”

ಗುರುಗಳಿಗೆ ನಗು ಬಂತು. “ಲೆಕ್ಕಾಚಾರದಲ್ಲಿ ನೀನು ಯಾವತ್ತೂ ಗಟ್ಟಿ. ಕುಳಿತುಕೋ” ಎಂದು ಒಂದು ಕತೆ ಹೇಳತೊಡಗಿದರು.

ಒಂದು ನಗರದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದಿತ್ತು. ಆಡುವುದೇ ಅವರ ಕಸುಬು. ಮೊದಮೊದಲು ಸಿಕ್ಕವರೆಲ್ಲ ಅವರನ್ನು ಸೋಲಿಸಿದರು. ಆಮೇಲೆ ಕೆಲವು ಒಳ್ಳೆಯ ಆಟಗಾರರು ಕೂಡಿಬಂದರು, ತಂಡ ಕಪ್ ಗೆದ್ದಿತು, ಊರು ಅವರನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಅವರಿಗೆ ವಯಸ್ಸಾಯಿತು, ತಂಡ ಬಿತ್ತು. ಹೊಸಬರು ಬಂದರು, ಮತ್ತೆ ಎದ್ದಿತು. ಆದರೆ ಈ ಸಲ ಕಪ್‌ನ ಹತ್ತಿರ ಹೋಗಿ ಬರಿಗೈಯಲ್ಲಿ ಮರಳುವುದೇ ಆಯಿತು. ಇಲ್ಲಿಯವರೆಗೆ ಎಲ್ಲ ತಂಡಗಳ ಕತೆಯೂ ಇಷ್ಟೇ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಆಗ ಒಬ್ಬ ವ್ಯಾಪಾರಿ ಆ ತಂಡವನ್ನು ಕೊಂಡ. ಆ ಆಟದವರಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಕೊನೆಗೆ ಎಲ್ಲರಿಗಿಂತ ಕೆಳಗೆ ಉಳಿದ ತಂಡವೇ ಹೊಸ ಆಟಗಾರರಲ್ಲಿ ತನಗೆ ಬೇಕಾದವನನ್ನು ಮೊದಲು ಆರಿಸಿಕೊಳ್ಳಬಹುದು. ಬಿದ್ದವರು ಏಳಲಿ ಎಂದು ಮಾಡಿದ ಒಳ್ಳೆಯ ಪದ್ಧತಿ. ಆ ವರ್ಷ ಎಲ್ಲರ ಬಾಯಲ್ಲೂ ಒಬ್ಬ ಎತ್ತರದ, ಚುರುಕಾದ ತರುಣನ ಮಾತೇ ಇತ್ತು.

ತಂಡದ ನಾಯಕನಿಗೆ ಆಗಲೇ ಮೊಣಕಾಲು ನೋವು. ಆಟ ಬಿಡುವ ಮೊದಲು ಒಮ್ಮೆ ಕಪ್ ಎತ್ತಬೇಕು ಎಂಬುದೊಂದೇ ಅವನ ಆಸೆ. ವ್ಯಾಪಾರಿ ಅವನನ್ನು ಕರೆದು, “ಈ ವರ್ಷ ಸೋತುಬಿಡಿ. ಆ ಹುಡುಗ ನಮ್ಮವನಾಗುತ್ತಾನೆ. ಬರುವ ವರ್ಷ ಕಪ್ ನಿನ್ನ ಕೈಯಲ್ಲಿ” ಎಂದ.

“ಬೇಕೆಂದು ಸೋಲುವುದು ನಮಗೆ ಬರುವುದಿಲ್ಲ ಸಾಹುಕಾರರೇ.”

“ಅದೇನು ಮಹಾ ವಿದ್ಯೆ? ಕಲಿಯಿರಿ.”

ಕಲಿತರು. ಕಳ್ಳಾಟ ಜನರ ಕಣ್ಣಿಗೆ ಬೀಳಬಾರದಲ್ಲ, ಹಾಗಾಗಿ ಅದನ್ನೂ ದಿನಾ ಅಭ್ಯಾಸ ಮಾಡಬೇಕಾಯಿತು. ಚೆಂಡು ರಿಂಗಿಗೆ ತಾಗಬೇಕು, ಒಳಗೆ ಬೀಳಬಾರದು. ಎದುರಾಳಿಯನ್ನು ತಡೆಯಲು ಓಡಬೇಕು, ಚೂರು ತಡವಾಗಿ ತಲುಪಬೇಕು. ಗೆಲ್ಲುವುದಕ್ಕೆ ಸುರಿಸುವಷ್ಟೇ ಬೆವರು ಸುರಿಸಿ ಸೋತರು. ನೋಡುವವರು, “ಪಾಪ, ಅದೃಷ್ಟ ಕೈಕೊಟ್ಟಿತು” ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ನಾಯಕನಿಗೆ ಅಳು ಬರುವಷ್ಟು ಸಂಕಟವಾಗುತ್ತಿತ್ತು. ಒಂದು ವರ್ಷ ತಾನೇ ಎಂದು ನುಂಗಿಕೊಂಡ.

ಅಂದುಕೊಂಡಂತೆ ತಂಡ ಎಲ್ಲರಿಗಿಂತ ಕೆಳಗೆ ಉಳಿಯಿತು, ತರುಣ ಬಂದ. ವ್ಯಾಪಾರಿ ಊರಿಗೆಲ್ಲ ಸಿಹಿ ಹಂಚಿದ.

ಹೊಸ ವರ್ಷದ ಮೊದಲ ಪಂದ್ಯ. ಇನ್ನೇನು ಆಟ ಮುಗಿಯಬೇಕು, ಇನ್ನೊಂದು ಸಲ ರಿಂಗಿನೊಳಗೆ ಬಿದ್ದರೆ ಗೆಲುವು, ಚೆಂಡು ನಾಯಕನ ಕೈಗೆ ಬಂತು. ಅಡ್ಡ ಬರುವವರು ಯಾರೂ ಇರಲಿಲ್ಲ. ಗೆಲ್ಲಲೇಬೇಕೆಂದು ಎಸೆದ. ಚೆಂಡು ರಿಂಗಿಗೆ ತಾಗಿ ಹೊರಗೆ ಬಿತ್ತು. ಅವನು ತನ್ನ ಕೈಯನ್ನೇ ನೋಡುತ್ತ ನಿಂತ.

ಆ ವರ್ಷವಿಡೀ ಹಾಗೇ ಆಯಿತು. ಮುಂದಿದ್ದರೂ ಕೊನೆಗಳಿಗೆಯಲ್ಲಿ ಎಲ್ಲರ ಕಾಲುಗಳೂ ತಾವಾಗಿಯೇ ಚೂರು ತಡವಾಗುತ್ತಿದ್ದವು. ವ್ಯಾಪಾರಿ ಕೂಗಾಡಿದ, ತರಬೇತುದಾರನನ್ನು ಬದಲಿಸಿದ. ಏನೂ ಉಪಯೋಗವಾಗಲಿಲ್ಲ. ಗೆಲ್ಲಬೇಕೆಂದು ಆಡಿಯೂ ತಂಡ ಕೊನೆಯಲ್ಲೇ ಉಳಿಯಿತು. ನಾಯಕ ಕಪ್ ಮುಟ್ಟದೆಯೇ ಆಟ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

“ಹಳಬರ ಕೈ ಕೆಟ್ಟಿತ್ತು, ಒಪ್ಪಿದೆ. ಆದರೆ ಆ ಹುಡುಗ ಬೇಕೆಂದು ಸೋತವನಲ್ಲವಲ್ಲ ಗುರುಗಳೇ. ಅಷ್ಟು ಚುರುಕಾಗಿದ್ದವನು, ಅವನಾದರೂ ತಂಡವನ್ನು ಎತ್ತಬಹುದಿತ್ತು.”

“ಚುರುಕಾಗಿದ್ದ ಮರುಳಯ್ಯ, ಅದಕ್ಕೇ ಅಲ್ಲಿ ಕಲಿಸುತ್ತಿದ್ದುದನ್ನು ಎಲ್ಲರಿಗಿಂತ ಬೇಗ ಕಲಿತ.”